ಸಾವಿರ ಪ್ರತಿ, ಒಂದೇ ಪ್ರತಿ: ವಿಡಿಯೊ ಸಂಕಲನದ ಅಸಲು–ನಕಲುಗಳ ಚರಿತ್ರೆ



ನಾನು ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಸಾಹಿತಿಯಲ್ಲ, ಸಿನಿಮಾದವನೂ ಅಲ್ಲ. ಸಮಿತಿಯವರು ‘ನಮ್ಮ ಕಾರ್ಯಕ್ರಮಗಳ ದಾಖಲಾತಿ’ ಎಂಬ ವಿಷಯದ ಮೇಲೆ ದಿಕ್ಸೂಚಿ ಭಾಷಣ ಮಾಡಿ ಎಂದಾಗ ನನಗೆ ನನ್ನ ಕಸುಬಿನ ಪ್ರಶ್ನೆಯೇ ಮೊದಲು ಹೊಳೆಯಿತು. ಅಸಲು ಎಲ್ಲಿದೆ? ನಕಲು ಎಷ್ಟಿವೆ? ಯಾರ ವಶದಲ್ಲಿವೆ? ಆಡಿಟ್‌ಗೆ ಹೋದಲ್ಲೆಲ್ಲ ಕೇಳುವ ಈ ಮೂರು ಪ್ರಶ್ನೆಗಳನ್ನು ಇವತ್ತು ವಿಡಿಯೊಗೆ ಕೇಳೋಣ. ನಮ್ಮಲ್ಲಿ ಅನೇಕರು ಹಗಲು ಸಿತ್ರಾದಲ್ಲೋ ಸಲ್ಮಾಬಾದಿನಲ್ಲೋ ದುಡಿದು, ರಾತ್ರಿ ರೂಮಿಗೆ ಬಂದು ಯಕ್ಷಗಾನದ, ರಾಜ್ಯೋತ್ಸವದ ವಿಡಿಯೊ ಎಡಿಟ್ ಮಾಡುವವರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಮಾತು ಬರೆದಿದ್ದೇನೆ.

ಕನ್ನಡದ ಮೊದಲ ವಾಕ್ಚಿತ್ರದಿಂದಲೇ ಶುರು ಮಾಡುತ್ತೇನೆ. ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ನಿರ್ದೇಶಕರು ವೈ.ವಿ. ರಾವ್, ನಿರ್ಮಾಪಕರು ಚಮನ್‌ಲಾಲ್ ಡುಂಗಾಜಿ, ಬರವಣಿಗೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದ್ದು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅಭಿನಯಿಸಿದ್ದರು. ಕರ್ನಾಟಕದಲ್ಲಿ ಅನುಕೂಲವಿಲ್ಲದೆ ಕೊಲ್ಲಾಪುರದ ಛತ್ರಪತಿ ಸ್ಟುಡಿಯೊಗೆ ಹೋಗಿ ಚಿತ್ರೀಕರಿಸಿದರು. ಇಷ್ಟೆಲ್ಲ ವಿವರ ನಮಗೆ ಗೊತ್ತು. ಆದರೆ ಆ ಚಿತ್ರವನ್ನು ಇವತ್ತು ನೋಡಲು ಸಾಧ್ಯವಿಲ್ಲ. ಅದರ ಪ್ರತಿ ಉಳಿದಿಲ್ಲ. ಕೆಲವು ಸ್ಥಿರಚಿತ್ರಗಳು, ಜಾಹೀರಾತು, ಹಿರಿಯರ ನೆನಪು, ಅಷ್ಟೇ. ಕನ್ನಡ ಪರದೆಯ ಮೇಲೆ ಮೊದಲು ಆಡಿದ ಮಾತು ಹೇಗೆ ಕೇಳಿಸುತ್ತಿತ್ತು ಎಂದು ತೋರಿಸಿಕೊಡಲು ನಮ್ಮ ಬಳಿ ಏನೂ ಇಲ್ಲ. ಹಿಂದಿಯ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ದ ಕಥೆಯೂ ಇದೇ.

ಯಾಕೆ ಹೀಗಾಯಿತು? ಆಗಿನ ಫಿಲ್ಮು ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುವ, ತಾನಾಗಿಯೇ ಕೊಳೆಯುವ ವಸ್ತು. ಪ್ರದರ್ಶನ ಮುಗಿದ ಪ್ರಿಂಟಿಗೆ ಬೆಲೆ ಇರಲಿಲ್ಲ. ಅದರಲ್ಲಿದ್ದ ಬೆಳ್ಳಿಗೆ ಮಾತ್ರ ಬೆಲೆ ಇತ್ತು. ಹಳೆಯ ರೀಲುಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಮಾರುವುದು ಭಾರತದಲ್ಲೆಲ್ಲ ನಡೆಯಿತು. ಭಾರತದ ಮೂಕಿ ಚಿತ್ರಗಳು ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು, ಉಳಿದವು ಅವುಗಳ ಅತಿ ಸಣ್ಣ ಭಾಗ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ‘ಸತಿ ಸುಲೋಚನಾ’ ಬಂದು ಮೂವತ್ತು ವರ್ಷ ಆಗಿಹೋಗಿತ್ತು. ಪಿ.ಕೆ. ನಾಯರ್ ಅವರಂಥವರು ಊರೂರು ತಿರುಗಿ, ಗೋದಾಮು ಅಟ್ಟಗಳಲ್ಲಿ ಹುಡುಕಿ, ಸಿಕ್ಕಷ್ಟನ್ನು ತಂದು ಸೇರಿಸಿದರು. ಆದರೂ 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು, ಹಾಗೆ ಹುಡುಕಿ ತಂದದ್ದರಲ್ಲೂ ಬಹಳಷ್ಟು ಹೋಯಿತು. ಇದನ್ನು ಸ್ವಲ್ಪ ಗಮನಿಸಿ. ಸಂಗ್ರಹಾಲಯ ಇತ್ತು, ಕಾಳಜಿಯ ಜನ ಇದ್ದರು. ಆದರೆ ಎಷ್ಟೋ ಪ್ರಿಂಟುಗಳ ಮಟ್ಟಿಗೆ ಎಲ್ಲವೂ ಒಂದೇ ಛಾವಣಿಯ ಕೆಳಗಿತ್ತು.

ಈಗ ಒಂದು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದ ಪೊನ್ನ ಕವಿಯನ್ನು ಶಾಲೆಯಲ್ಲಿ ರತ್ನತ್ರಯರಲ್ಲಿ ಒಬ್ಬ ಎಂದು ಓದಿದ್ದೇವೆ. ಅವನು ‘ಶಾಂತಿಪುರಾಣ’ವನ್ನೂ ಬರೆದ, ‘ಭುವನೈಕರಾಮಾಭ್ಯುದಯ’ವನ್ನೂ ಬರೆದ. ಮೊದಲನೆಯದು ಇವತ್ತು ಅಂಗಡಿಯಲ್ಲಿ ಅಚ್ಚಾದ ಪುಸ್ತಕವಾಗಿ ಸಿಗುತ್ತದೆ. ಎರಡನೆಯದು ಸಿಕ್ಕಿಲ್ಲ. ಕವಿ ಒಬ್ಬನೇ, ಕಾಲ ಒಂದೇ, ಬರೆದದ್ದು ಎರಡೂ ಓಲೆಗರಿಯ ಮೇಲೆ. ನಡುವೆ ನಡೆದದ್ದೇನು ಎಂದರೆ, ಪೊನ್ನನ ತರುವಾಯ, ಚಾಲುಕ್ಯ ತೈಲಪನ ಕಾಲದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಈ ಕಾವ್ಯವನ್ನು ಬರೆಯಿಸಿದ್ದೇ ಅವಳ ತಂದೆ ಮಲ್ಲಪಯ್ಯ ಮತ್ತು ಅವನ ಸೋದರ ಪುನ್ನಮಯ್ಯ. ಹಾಗಾಗಿ ಮನೆಯ ಆಸ್ತಿಯನ್ನು ಕಾಪಾಡುವ ಕಾಳಜಿಯೂ ಅದರಲ್ಲಿ ಇದ್ದಿರಬೇಕು. ಅಚ್ಚುಮೊಳೆ ಇಲ್ಲದ ಕಾಲ ಅದು. ಸಾವಿರ ಪ್ರತಿ ಎಂದರೆ ಒಂದೊಂದು ಗರಿಯನ್ನೂ ಕಂಟದಿಂದ ಕೊರೆದು, ಮಸಿ ಸವರಿ, ತೂತು ಮಾಡಿ ದಾರ ಪೋಣಿಸಿ, ಸಾವಿರ ಸಲ.

ಶಾಂತಿಪುರಾಣ ಉಳಿದದ್ದು ಆ ಸಾವಿರ ಪ್ರತಿಗಳಿಂದಲೇ ಎಂದು ನಾನು ಸಾಧಿಸಲಾರೆ. ಧಾರ್ಮಿಕ ಕೃತಿಯಾದ್ದರಿಂದ ಬಸದಿಗಳೂ ಅದನ್ನು ಕಾಪಾಡಿಕೊಂಡು ಬಂದಿರಬಹುದು. ಆದರೆ ಲೆಕ್ಕದವನ ಕಣ್ಣಿಗೆ ಅತ್ತಿಮಬ್ಬೆಯ ಕೆಲಸದಲ್ಲಿ ಕಾಣುವುದು ಎರಡು ಅಂಶ. ಪ್ರತಿ ಮಾಡಿಸಿದ್ದು ಒಂದು, ಹಂಚಿದ್ದು ಇನ್ನೊಂದು. ಸಾವಿರವನ್ನೂ ಲಕ್ಕುಂಡಿಯ ಒಂದೇ ಕೋಣೆಯಲ್ಲಿ ಪೇರಿಸಿಟ್ಟಿದ್ದರೆ ಒಂದೇ ಗೆದ್ದಲು ಹುತ್ತಕ್ಕೆ ಅಷ್ಟೂ ಊಟವಾಗುತ್ತಿತ್ತು.

ಕೈಬರಹದ ಪ್ರತಿಗಳಿಗೆ ಇನ್ನೊಂದು ಕಷ್ಟವಿದೆ. ಲಿಪಿಕಾರನ ಕೈ ತಪ್ಪುತ್ತದೆ, ಕೆಲವೊಮ್ಮೆ ಅವನೇ ಒಂದು ಪದ ‘ತಿದ್ದುತ್ತಾನೆ’. ನೂರು ವರ್ಷದ ನಂತರ ಯಾವುದು ಕವಿಯ ಪಾಠ, ಯಾವುದು ಲಿಪಿಕಾರನದ್ದು ಎಂದು ತಿಳಿಯುವುದಿಲ್ಲ. ಅದಕ್ಕೆ ನಮ್ಮ ಹಳಗನ್ನಡ ಗ್ರಂಥಸಂಪಾದಕರು ಸಿಕ್ಕ ಪ್ರತಿಗಳಿಗೆಲ್ಲ ಕ, ಖ, ಗ ಎಂದು ಗುರುತು ಕೊಟ್ಟು, ಪ್ರತಿಯೊಂದರ ಮೂಲ ಯಾವ ಊರು, ಎಷ್ಟು ಗರಿ, ಎಲ್ಲಿ ಮುರಿದಿದೆ ಎಂದು ಬರೆದು, ವ್ಯತ್ಯಾಸಗಳನ್ನು ಪುಟದ ಕೆಳಗೆ ಪಾಠಾಂತರವಾಗಿ ಕೊಟ್ಟರು. ಯಾವುದನ್ನೂ ಬಿಸಾಡಲಿಲ್ಲ. ನಮ್ಮ ಲ್ಯಾಪ್‌ಟಾಪಿನಲ್ಲಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂದು ಕೂತಿರುವ ಫೈಲುಗಳನ್ನು ನೋಡಿದಾಗಲೆಲ್ಲ ನನಗೆ ಆ ಸಂಪಾದಕರ ನೆನಪಾಗುತ್ತದೆ.

ಫೈಲು ಎಂದೆ. ಕನ್ನಡದಲ್ಲಿ ಅದಕ್ಕೆ ‘ಕಡತ’ ಎನ್ನುತ್ತೇವೆ. ಈ ಪದದ ಹಿಂದೆ ನಮ್ಮ ಲೆಕ್ಕಿಗರ ದೊಡ್ಡ ಚರಿತ್ರೆಯಿದೆ. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರು, ವರ್ತಕರು, ಮಠಗಳು ಲೆಕ್ಕಪತ್ರ ಇಟ್ಟದ್ದು ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರ. ಕಡತದ ಅನುಕೂಲ ಏನೆಂದರೆ ಒರೆಸಿ, ಮತ್ತೆ ಮಸಿ ಬಳಿದು, ಮತ್ತೆ ಬರೆಯಬಹುದು. ಅನನುಕೂಲವೂ ಅದೇ. ಒರೆಸಿದ ಮೇಲೆ ಮೊದಲು ಏನಿತ್ತು ಎಂದು ಕೇಳುವಂತಿಲ್ಲ. ನಾವು ‘ಸೇವ್’ ಒತ್ತಿ ಅದೇ ಹೆಸರಿನಲ್ಲಿ ಪ್ರಾಜೆಕ್ಟನ್ನು ಮತ್ತೆ ಉಳಿಸಿದಾಗ ಆಗುವುದು ಹೀಗೆ ಬಳಪದ ಬರಹ ಒರೆಸಿದ ಕೆಲಸವೇ.

ಭಾರತದಲ್ಲಿ ಕಂಪನಿಗಳ ಲೆಕ್ಕಕ್ಕೆ ಈಗ ಎರಡು ಬೇರೆ ಬೇರೆ ನಿಯಮಗಳಿವೆ. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ, ಅಂದರೆ ಎಡಿಟ್ ಲಾಗ್, ಇರಲೇಬೇಕು. ಅದನ್ನು ಆಫ್ ಮಾಡುವಂತಿರಬಾರದು. ಅದಕ್ಕೂ ಮುಂಚೆ 2022ರಲ್ಲಿ ಬಂದ ತಿದ್ದುಪಡಿ, ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನಂಪ್ರತಿ ಇಡಬೇಕು ಎನ್ನುತ್ತದೆ. ಒಂದು ನಿಯಮ ನಿನ್ನೆ ಹೇಗಿತ್ತು ಎಂಬ ಪ್ರಶ್ನೆಗೆ, ಇನ್ನೊಂದು ಮನೆ ಸುಟ್ಟರೆ ಏನು ಎಂಬ ಪ್ರಶ್ನೆಗೆ. ಎಡಿಟಿಂಗ್ ಮಾಡುವ ನಮ್ಮ ಹುಡುಗರು ಇವೆರಡನ್ನೂ ಒಂದೇ ಎಂದುಕೊಂಡಿರುವುದನ್ನು ಬಹಳ ಸಲ ಕಂಡಿದ್ದೇನೆ. ಒಂದೇ ಹಾರ್ಡ್ ಡಿಸ್ಕಿನಲ್ಲಿ ಹನ್ನೆರಡು ವರ್ಷನ್ ಇಟ್ಟು ‘ಬ್ಯಾಕಪ್ ಇದೆ ಸರ್’ ಎನ್ನುತ್ತಾರೆ.

ಇನ್ನು ಸಂಕಲನದ ಚರಿತ್ರೆಗೆ ಬರುತ್ತೇನೆ. ಫಿಲ್ಮಿನ ಕಾಲದಲ್ಲಿ ಎಡಿಟರು ಅಸಲನ್ನು ಮುಟ್ಟುತ್ತಲೇ ಇರಲಿಲ್ಲ. ಕ್ಯಾಮೆರಾದಿಂದ ಬಂದ ನೆಗೆಟಿವ್ ಲ್ಯಾಬಿನ ಉಗ್ರಾಣದಲ್ಲಿ ಭದ್ರ. ಅದರಿಂದ ತೆಗೆದ ಅಗ್ಗದ ರಶ್ ಪ್ರಿಂಟನ್ನು ಎಡಿಟರು ಮೂವಿಯೋಲಾ ಯಂತ್ರದಲ್ಲೋ ಸ್ಟೀನ್‌ಬೆಕ್ ಮೇಜಿನ ಮೇಲೋ ಹಾಕಿ ಕತ್ತರಿಸಿ, ಅಂಟಿಸಿ, ಬೇಡವೆಂದರೆ ಬಿಚ್ಚಿ ಮತ್ತೆ ಅಂಟಿಸುತ್ತಿದ್ದರು. ಗೀರು ಬಿದ್ದರೂ ಚಿಂತೆಯಿಲ್ಲ. ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುವ ಸಂಖ್ಯೆ ನೆಗೆಟಿವ್‌ನಲ್ಲೂ ರಶ್ ಪ್ರಿಂಟಿನಲ್ಲೂ ಒಂದೇ. ಎಲ್ಲ ತೀರ್ಮಾನವಾದ ಮೇಲೆ ನೆಗೆಟಿವ್ ಕತ್ತರಿಸುವವರು ಆ ಸಂಖ್ಯೆಗಳನ್ನು ತಾಳೆ ನೋಡಿ ಒಂದೇ ಒಂದು ಸಲ ಅಸಲಿಗೆ ಕತ್ತರಿ ಹಾಕುತ್ತಿದ್ದರು. ನಮ್ಮ ಕನ್ನಡ ಚಿತ್ರಗಳು ದಶಕಗಟ್ಟಲೆ ಮದರಾಸಿನ ಸ್ಟುಡಿಯೊ, ಲ್ಯಾಬುಗಳಲ್ಲಿ ಹೀಗೆಯೇ ತಯಾರಾದವು. ವೋಚರು ನಂಬರು, ಲೆಡ್ಜರ್ ಪುಟ ತಾಳೆ ಹಾಕುವ ನಮ್ಮ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎನಿಸುತ್ತದೆ ನನಗೆ.

1971ರಲ್ಲಿ ಅಮೆರಿಕದಲ್ಲಿ ಸಿಎಂಎಕ್ಸ್ 600 ಎಂಬ ಯಂತ್ರ ಬಂತು. ಕಂಪ್ಯೂಟರಿನಲ್ಲಿ ಮಸುಕಾದ ನಕಲನ್ನು ಎಡಿಟ್ ಮಾಡಿ, ಎಲ್ಲಿಂದ ಎಲ್ಲಿಗೆ ಎಂಬ ತೀರ್ಮಾನಗಳ ಪಟ್ಟಿಯನ್ನಷ್ಟೇ ಉಳಿಸಿ, ಆ ಪಟ್ಟಿಯಂತೆ ಅಸಲು ಟೇಪುಗಳನ್ನು ಜೋಡಿಸುವುದು. 1989ರಲ್ಲಿ ಆವಿಡ್, 1991ರಲ್ಲಿ ಅಡೋಬಿ ಪ್ರೀಮಿಯರ್ ಬಂದವು. ಇವತ್ತು ನೀವು ಮೊಬೈಲಿನಲ್ಲಿ ಎಡಿಟ್ ಮಾಡುವಾಗಲೂ ಒಳಗೆ ನಡೆಯುವುದು ಇದೇ. ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ. ‘ಈ ಫೋಲ್ಡರಿನ ಈ ಕ್ಲಿಪ್ಪಿನ ಇಷ್ಟನೆಯ ಸೆಕೆಂಡಿನಿಂದ ಇಷ್ಟನೆಯ ಸೆಕೆಂಡಿನವರೆಗೆ’ ಎಂಬ ಟಿಪ್ಪಣಿ ಮಾತ್ರ ಇರುತ್ತದೆ. ಅದು ಕೆಲವೇ ಎಂಬಿಯದು. ಅದನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಊರಿಗೆ ಹೋಗಿ ತೆರೆದರೆ ‘ಮೀಡಿಯಾ ಆಫ್‌ಲೈನ್’ ಎಂಬ ಕೆಂಪು ಪರದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕ್ಯಾಮೆರಾದ ಕ್ಲಿಪ್ಪುಗಳು ವೋಚರುಗಳು. ಪ್ರಾಜೆಕ್ಟ್ ಫೈಲು ಲೆಡ್ಜರು. ಯೂಟ್ಯೂಬಿಗೆ ಏರಿಸುವ ಎಂಪಿ4 ಬ್ಯಾಲೆನ್ಸ್ ಶೀಟು. ವೋಚರಿದ್ದರೆ ಬ್ಯಾಲೆನ್ಸ್ ಶೀಟನ್ನು ಕಷ್ಟಪಟ್ಟಾದರೂ ಮತ್ತೆ ಮಾಡಬಹುದು. ಬ್ಯಾಲೆನ್ಸ್ ಶೀಟಿನಿಂದ ವೋಚರು ಹುಟ್ಟಿಸಲು ಆಗುವುದಿಲ್ಲ. ಹುಟ್ಟಿಸಿದರೆ ಜೈಲು. ಜನ ಮಾಡುವುದು ಮಾತ್ರ ಉಲ್ಟಾ: ಎಂಪಿ4 ಜೋಪಾನ, ಜಾಗ ಸಾಲದು ಎಂದು ಕ್ಲಿಪ್ಪುಗಳು ಡಿಲೀಟ್.

ಬ್ಯಾಕಪ್ಪಿನ ಚರಿತ್ರೆಯಲ್ಲಿ ಬಹಳ ಪ್ರಸಿದ್ಧವಾದದ್ದು ‘ಟಾಯ್ ಸ್ಟೋರಿ 2’ರ ಪ್ರಸಂಗ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಯಾರೋ ತಪ್ಪು ಆಜ್ಞೆ ಕೊಟ್ಟು, ನೋಡನೋಡುತ್ತಿದ್ದಂತೆ ಚಿತ್ರದ ಫೈಲುಗಳು ಒಂದೊಂದಾಗಿ ಅಳಿಸಿಹೋದವು. ಬ್ಯಾಕಪ್ ತೆರೆದರೆ ಅದು ಸರಿಯಾಗಿ ಕೆಲಸವೇ ಮಾಡುತ್ತಿರಲಿಲ್ಲ, ಯಾರೂ ಪರೀಕ್ಷಿಸಿರಲಿಲ್ಲ. ಕಡೆಗೆ ಕಾಪಾಡಿದ್ದು ಗೇಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಬಾಣಂತನದ ನಂತರ ಮನೆಯಿಂದ ಕೆಲಸ ಮಾಡಲೆಂದು ಅವರು ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಮೆಲ್ಲಗೆ ಸ್ಟುಡಿಯೊಗೆ ತಂದರು. ಇದರ ಇನ್ನೊಂದು ತುದಿಯನ್ನು ಜನ ಸಾಮಾನ್ಯವಾಗಿ ಹೇಳುವುದಿಲ್ಲ: ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಆ ಚಿತ್ರ ಅವರಿಗೇ ಹಿಡಿಸದೆ, ಕಥೆಯ ಬಹುಭಾಗವನ್ನು ಆಮೇಲೆ ಹೊಸದಾಗಿ ಮಾಡಿದರು.

ಇದಕ್ಕಿಂತ ನನ್ನನ್ನು ಹಿಡಿದುಕೊಂಡದ್ದು, ಪರದೇಶಕ್ಕೆ ಹೋದ ಪ್ರತಿಗಳ ಕಥೆ. 1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಕತ್ತರಿಗೆ ಸಿಕ್ಕಿ, ಪೂರ್ಣ ರೂಪ ಕಳೆದುಹೋಯಿತು. 2008ರಲ್ಲಿ ಅದು ಸಿಕ್ಕಿದ್ದು ಜರ್ಮನಿಯಲ್ಲಲ್ಲ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಒಂದು ವಸ್ತುಸಂಗ್ರಹಾಲಯದಲ್ಲಿ. ಬಿಬಿಸಿಯವರು ಟೇಪು ದುಬಾರಿ ಎಂದು ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಕಂತುಗಳನ್ನು ಅಳಿಸಿ ಮರುಬಳಸಿದರು. ಅಳಿಸಿಹೋದವುಗಳಲ್ಲಿ ಒಂಬತ್ತು ಕಂತುಗಳು 2013ರಲ್ಲಿ ಮರಳಿ ಬಂದವು. ಬಂದದ್ದು ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದ ಉಗ್ರಾಣದಿಂದ. ನಮ್ಮ 1919ರ ಮೂಕಿ ಚಿತ್ರ ‘ಬಿಲ್ವಮಂಗಳ’ದ ಉಳಿದ ಭಾಗ ಸಿಕ್ಕಿದ್ದು ಫ್ರಾನ್ಸಿನಲ್ಲಿ. ಅಸಲು ಹುಟ್ಟಿದೂರಿನಲ್ಲಿ ಹೋಯಿತು, ದುಡಿಯಲು ಪರದೇಶಕ್ಕೆ ಹೋದ ನಕಲು ಉಳಿಯಿತು. ಗಲ್ಫಿನಲ್ಲಿ ಕೂತು ಇದನ್ನು ಓದುವಾಗ ಆಗುವ ಭಾವನೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಾವು ಇರುವ ಈ ನೆಲಕ್ಕೂ ನಕಲಿನ ಚರಿತ್ರೆ ಹೊಸದಲ್ಲ. ಬಹ್ರೈನ್ ಕೋಟೆಯ ಉತ್ಖನನದಲ್ಲಿ ಬೆಣೆಲಿಪಿಯ ಮಣ್ಣಿನ ಹಲಗೆಗಳು ಸಿಕ್ಕಿವೆ. ಆಗ ಇದು ದಿಲ್ಮುನ್, ತಾಮ್ರದ ವ್ಯಾಪಾರದ ಕೇಂದ್ರ. ಇದರೊಂದಿಗೆ ವ್ಯಾಪಾರ ಮಾಡುತ್ತಿದ್ದ ಮೆಸೊಪೊಟೇಮಿಯಾದವರು ಕರಾರನ್ನು ಮಣ್ಣಿನ ಹಲಗೆಯ ಮೇಲೆ ಬರೆದು, ಅದರ ಸುತ್ತ ಮಣ್ಣಿನದೇ ಲಕೋಟೆ ಮಾಡಿ, ಲಕೋಟೆಯ ಮೇಲೆ ಅದೇ ಕರಾರನ್ನು ಮತ್ತೆ ಬರೆದು ಮುದ್ರೆ ಒತ್ತುತ್ತಿದ್ದರು. ಹೊರಗಿನದನ್ನು ಯಾರಾದರೂ ತಿದ್ದಿದ್ದಾರೆ ಎಂಬ ಜಗಳ ಬಂದರೆ ನ್ಯಾಯಾಧೀಶರ ಮುಂದೆ ಲಕೋಟೆ ಒಡೆದು ಒಳಗಿನದನ್ನು ಓದುವುದು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಡೂಪ್ಲಿಕೇಟ್ ವೋಚರು!

ಅಸಲು ಉಳಿದಿದ್ದರೆ ಏನಾಗುತ್ತದೆ ಎಂಬುದಕ್ಕೂ ಕನ್ನಡದ್ದೇ ಉದಾಹರಣೆ ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದ್ದು, ಅನಂತಮೂರ್ತಿಯವರ ಕಥೆ, ಸ್ವರ್ಣಕಮಲ ಪಡೆದ ಚಿತ್ರ. ಅದರ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ರಾಜಕುಮಾರ್ ಅವರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ಬಿಡುಗಡೆಯಾದವು. ನನಗೆ ವೈಯಕ್ತಿಕವಾಗಿ ಕಪ್ಪು-ಬಿಳುಪಿನ ಕಸ್ತೂರಿ ನಿವಾಸವೇ ಇಷ್ಟ, ಆ ಪಾರಿವಾಳಕ್ಕೆ ಬಣ್ಣ ಬೇಕಿರಲಿಲ್ಲ. ಆದರೆ ಹಾಗೆ ಹೇಳುವ ಅವಕಾಶ ನನಗಿರುವುದು ಎರಡೂ ಪ್ರತಿಗಳು ಉಳಿದಿರುವುದರಿಂದ.

ಈಗ ನಮ್ಮದು. ಎಂಬತ್ತು, ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರು ಊರಿಗೆ ಹೋಗುವಾಗ ವಿಸಿಆರ್ ಹೊತ್ತುಕೊಂಡು ಹೋದರು, ಬರುವಾಗ ತಂಗಿಯ ಮದುವೆಯ ಕ್ಯಾಸೆಟ್ ತಂದರು. ಇಲ್ಲಿನ ನಾಟಕ, ಯಕ್ಷಗಾನ, ಊರಿಂದ ಬಂದ ಕಲಾವಿದರ ಭಾಷಣ ಎಲ್ಲ ವಿಎಚ್‌ಎಸ್‌ನಲ್ಲಿ ದಾಖಲಾಯಿತು, ಆಮೇಲೆ ಮಿನಿ ಡಿವಿಯಲ್ಲಿ. ವಿಎಚ್‌ಎಸ್ಸನ್ನು ನಕಲು ಮಾಡಿದಷ್ಟೂ ಚಿತ್ರ ಮಸುಕಾಗುತ್ತದೆ. ನಕಲಿನ ನಕಲಿನ ನಕಲಿನಲ್ಲಿ ಚಂಡೆ ಕೇಳಿಸುತ್ತದೆ, ವೇಷ ಕಾಣಿಸುವುದಿಲ್ಲ. ಟೇಪಿನ ಕಾಂತಲೇಪ ತೇವಕ್ಕೆ, ಬಿಸಿಗೆ ಹಾಳಾಗುತ್ತದೆ. ಇಲ್ಲಿ ಆಗಸ್ಟ್ ತಿಂಗಳಲ್ಲಿ ಎರಡೂ ಧಾರಾಳ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೂ 2016ರ ಜುಲೈಯಲ್ಲಿ ನಿಲ್ಲಿಸಿತು. ಕ್ಯಾಸೆಟ್ ಇದ್ದರೂ ಹಾಕಿ ನೋಡಲು ಯಂತ್ರ ಸಿಗದ ದಿನ ದೂರವಿಲ್ಲ.

ಅದಕ್ಕಿಂತ ದೊಡ್ಡ ವಿಷಯ ವಶದ್ದು. ಪ್ರವಾಸಿ ಸಂಘದ ದಾಖಲೆಗಳು ಸಂಘದಲ್ಲಿ ಇರುವುದಿಲ್ಲ, ಯಾರದೋ ಮನೆಯಲ್ಲಿರುತ್ತವೆ. ಆ ಯಾರೋ ಒಂದು ದಿನ ಕೆಲಸ ಮುಗಿಸಿ, ವೀಸಾ ರದ್ದು ಮಾಡಿಸಿ, ಮೂವತ್ತು ಕಿಲೊ ಲಗೇಜಿನಲ್ಲಿ ಊರಿಗೆ ಮರಳುತ್ತಾರೆ. ಆ ಮೂವತ್ತು ಕಿಲೊದಲ್ಲಿ ಕ್ಯಾಸೆಟ್ಟಿಗೆ ಜಾಗ ಇರುತ್ತದೆಯೇ? ಮಕ್ಕಳ ಪುಸ್ತಕ, ಹೆಂಡತಿಯ ಮಿಕ್ಸಿ, ಅಮ್ಮನಿಗೆ ಖರ್ಜೂರ. ಕ್ಯಾಸೆಟ್ ಗುದೈಬಿಯಾದ ಫ್ಲ್ಯಾಟಿನ ಕಸದ ಬುಟ್ಟಿಗೆ ಹೋಗುತ್ತದೆ. ನಾವು ಇಲ್ಲಿ ಹುಟ್ಟಿದವರಲ್ಲ, ಇಲ್ಲಿ ಸಾಯುವವರೂ ಬಹುತೇಕ ಅಲ್ಲ. ನಮ್ಮ ಚರಿತ್ರೆಗೆ ಇಲ್ಲಿ ಗೋರಿ, ಶಾಸನ, ಕಂದಾಯ ದಾಖಲೆ ಯಾವುದೂ ಇಲ್ಲ. ಇರುವುದು ಈ ಚಿತ್ರಗಳು ಮಾತ್ರ.

ಮಾಡಬೇಕಾದದ್ದು ಹೆಚ್ಚು ಖರ್ಚಿನದ್ದಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಮೂರು-ಎರಡು-ಒಂದು ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ನಮಗೆ ಬೇರೆ ಊರು ಸಹಜವಾಗಿಯೇ ಇದೆ. ಒಂದು ಹಾರ್ಡ್ ಡಿಸ್ಕ್ ಇಲ್ಲಿ, ಒಂದು ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಅಣ್ಣನ ಮನೆಯಲ್ಲಿ, ಇನ್ನೊಂದು ಕ್ಲೌಡಿನಲ್ಲಿ. ಕ್ಲೌಡ್ ಎಂದಾಗ ಒಂದು ಎಚ್ಚರಿಕೆ, ಎರಡೂ ಕಡೆ ತಾನಾಗಿ ಸಮ ಮಾಡುವ ಸಿಂಕ್ ವ್ಯವಸ್ಥೆ ನೀವು ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದು ಕುಗ್ಗಿಹೋದ ನಕಲು, ಹಳೆಯ ವಿಎಚ್‌ಎಸ್ ನಕಲಿನ ತಮ್ಮ. ಕ್ಯಾಪ್‌ಕಟ್‌ನಲ್ಲಿ ಎಡಿಟ್ ಮಾಡುವವರು ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಫೋನಿನಲ್ಲಿದ್ದ ಡ್ರಾಫ್ಟುಗಳೂ ಹೋಗುತ್ತವೆ. ಡಾವಿಂಚಿ ರಿಸಾಲ್ವ್ ಬಳಸುವವರು ಪ್ರಾಜೆಕ್ಟು ಕ್ಲಿಪ್ಪುಗಳ ಪಕ್ಕದಲ್ಲಿರದೆ ಅದರದ್ದೇ ಡೇಟಾಬೇಸಿನಲ್ಲಿರುತ್ತದೆ ಎಂದು ತಿಳಿದಿರಲಿ. ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಹೆಸರಿಡುವಾಗ ‘ಫೈನಲ್’ ಎಂಬ ಪದವನ್ನೇ ಬಿಟ್ಟುಬಿಡಿ, ವರ್ಷ-ತಿಂಗಳು-ದಿನಾಂಕ ಹಾಕಿ, ಎಡಿಟರಿನ ಹೆಸರಿನ ಮೊದಲಕ್ಷರ ಹಾಕಿ. ವರ್ಷಕ್ಕೊಮ್ಮೆ ಬ್ಯಾಕಪ್ಪಿನಿಂದ ಒಂದು ಪ್ರಾಜೆಕ್ಟನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪಿಕ್ಸಾರ್‌ನಂಥವರು ಮರೆತದ್ದು ಅದನ್ನೇ.

ಸಂಘದ ವಾರ್ಷಿಕ ಲೆಕ್ಕಪತ್ರದ ಜೊತೆಗೆ ಒಂದು ಪುಟ ಹೆಚ್ಚು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಗೆ ನಾನು ಲಿಖಿತವಾಗಿ ಕೇಳಿಕೊಂಡಿದ್ದೇನೆ. ಕುರ್ಚಿ, ಮೈಕು, ಧ್ವನಿವರ್ಧಕಗಳ ಪಟ್ಟಿ ಹೇಗೂ ಇದೆ. ಅದರ ಕೆಳಗೆ ಯಾವ ವರ್ಷದ ಯಾವ ಕಾರ್ಯಕ್ರಮದ ಚಿತ್ರಣ, ಯಾವ ಮಾಧ್ಯಮದಲ್ಲಿ, ಎಷ್ಟು ಪ್ರತಿ, ಯಾರ ವಶದಲ್ಲಿ ಎಂಬ ನಾಲ್ಕು ಕಾಲಂ. ಪದಾಧಿಕಾರಿ ಊರಿಗೆ ಮರಳುವಾಗ ಬ್ಯಾಂಕ್ ಪುಸ್ತಕ ಒಪ್ಪಿಸುವಂತೆ ಇದನ್ನೂ ಸಹಿ ಹಾಕಿ ಒಪ್ಪಿಸುವುದು. ಮೊದಲ ಪಟ್ಟಿಗೆ ಹೊರಗಿನ ನೋಂದಣಿ ಮೇಜಿನಲ್ಲಿ ಪುಸ್ತಕ ಇಟ್ಟಿದ್ದೇವೆ. ಮನೆಯಲ್ಲಿ ಹಳೆಯ ಕ್ಯಾಸೆಟ್ ಇರುವವರು ಬರೆಯಿಸಿ. ಚಾಲ್ತಿಯಲ್ಲಿರುವ ವಿಸಿಆರ್ ಯಾರ ಬಳಿಯಾದರೂ ಇದ್ದರೆ ಅದನ್ನೂ ಬರೆಯಿಸಿ, ಇಲ್ಲಿಯವರೆಗೆ ನಮಗೆ ಸಿಕ್ಕಿರುವುದು ಒಂದೇ, ಅದರ ರಿವೈಂಡ್ ಗುಂಡಿ ಕೆಲಸ ಮಾಡುವುದಿಲ್ಲ.